ಬರೆಯಲು ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ: ಸೂರತ್ತಿನವರೆಗೆ ಐದು ದಿನ

ಜನವರಿ ೧೮, ರವಿವಾರ, ಬೆಳಿಗ್ಗೆ ೬ ಗಂಟೆ ೧೦ ನಿಮಿಷ. ಅಹಮದಾಬಾದಿಗೆ ಹೋಗುವ ಗಾಡಿ ಹುಬ್ಬಳ್ಳಿ ನಿಲ್ದಾಣ ಬಿಟ್ಟಿತು. ನನ್ನ ಬಳಿ ಒಂದು ಸೂಟ್‌ಕೇಸು, ಅವ್ವ ಕಟ್ಟಿಕೊಟ್ಟ ಹನ್ನೆರಡು ರೊಟ್ಟಿ, ಶೇಂಗಾ ಚಟ್ನಿ, ಮತ್ತು ಹನ್ನೊಂದು ನೋಟ್‌ಬುಕ್ ಇದ್ದವು. ನೋಟ್‌ಬುಕ್ಕುಗಳೇ ಸೂಟ್‌ಕೇಸಿಗಿಂತ ಭಾರ.

ನಾನು ಗದಗಿನವಳು, ವಾಕ್ ಚಿಕಿತ್ಸಕಿ. ಮಾತು ತಡವಾದ ಮಕ್ಕಳಿಗೆ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ದೊಡ್ಡವರಿಗೆ ಮಾತು ಕಲಿಸುವ ಕೆಲಸ. ಓದು ಮುಗಿಸಿ ಎರಡು ವರ್ಷವಾದರೂ ವಾರಕ್ಕೆ ಎರಡು ದಿನದ ಕೆಲಸವಷ್ಟೇ ಸಿಕ್ಕಿತ್ತು. ಪಾರ್ಶ್ವವಾಯು ರೋಗಿಗಳ ಜೊತೆಗೇ ಪೂರ್ಣಾವಧಿ ಕೆಲಸ ಮಾಡಬೇಕೆಂಬ ಆಸೆಯಿಂದ ಹದಿನಾಲ್ಕು ಕಡೆ ಅರ್ಜಿ ಹಾಕಿದ್ದೆ. ಉತ್ತರ ಬಂದದ್ದು ಒಂದು ಕಡೆಯಿಂದ ಮಾತ್ರ: ಸೂರತ್ತಿನ ಒಂದು ಪುನಶ್ಚೇತನ ಕೇಂದ್ರದಿಂದ. ಅವರ ಷರತ್ತು ಸರಳವಾಗಿತ್ತು. ಒಬ್ಬ ರೋಗಿಯ ಜೊತೆ ಅರ್ಧ ಗಂಟೆ ಕೂರಬೇಕು, ಪೂರ್ತಿ ಗುಜರಾತಿಯಲ್ಲಿ. ನಡುವೆ ಹಿಂದಿಗೆ ತಿರುಗಿದರೆ ಸಂದರ್ಶನ ಅಲ್ಲಿಗೇ ಮುಗಿಯಿತು.

ಆ ಕೆಲಸದ ಸುಳಿವು ಸಿಕ್ಕಾಗಿನಿಂದ ಏಳು ತಿಂಗಳು ಗುಜರಾತಿ ಕಲಿತಿದ್ದೆ. ದಿನಾ ಬೆಳಿಗ್ಗೆ ಫೋನಿನಲ್ಲಿ ಗುಜರಾತಿ ಪತ್ರಿಕೆಯ ಒಂದು ಸುದ್ದಿ ತೆಗೆದು ಕೈಯಲ್ಲಿ ನಕಲು ಮಾಡುವುದು, ಹೊಸ ಪದಗಳ ಕೆಳಗೆ ಗೆರೆ ಎಳೆಯುವುದು, ಅರ್ಥ ಬರೆಯುವುದು. ಹೊರಡುವ ಹಿಂದಿನ ದಿನ ಎಣಿಸಿದಾಗ ೨,೧೪೦ ಪದಗಳಾಗಿದ್ದವು. ಗದಗಿನಲ್ಲಿ ಗುಜರಾತಿ ಆಡಲು ಯಾರೂ ಇರಲಿಲ್ಲ. ಆದ್ದರಿಂದ ಇನ್ನೊಂದು ಲೆಕ್ಕವೂ ಇತ್ತು: ಅದುವರೆಗೆ ಬೇರೊಬ್ಬರ ಜೊತೆ ಆಡಿದ ಗುಜರಾತಿ ವಾಕ್ಯಗಳು, ಸೊನ್ನೆ.

ಸಂದರ್ಶನ ಶುಕ್ರವಾರ ಹನ್ನೊಂದಕ್ಕೆ. ಗಾಡಿ ಸೋಮವಾರ ಬೆಳಗಿನ ಜಾವವೇ ಸೂರತ್ತಿನಲ್ಲಿ ಎಂಟು ನಿಮಿಷ ನಿಂತಿತು. ನಾನು ಇಳಿಯಲಿಲ್ಲ. ಮೊದಲು ಅಹಮದಾಬಾದ್, ಆಮೇಲೆ ವಡೋದರಾ, ಕೊನೆಗೆ ಸೂರತ್. ಹೀಗೆ ಹಿಂದಕ್ಕೆ ಬರುತ್ತಾ ದಾರಿಯುದ್ದಕ್ಕೂ ಬಾಯಿ ಪಳಗಿಸಬೇಕೆಂಬುದು ನನ್ನ ಯೋಜನೆ.

ಸೋಮವಾರ ಎಂಟೂ ಮುಕ್ಕಾಲಿಗೆ ಅಹಮದಾಬಾದಿನಲ್ಲಿ ಇಳಿದೆ. ಸ್ವೆಟರ್ ಬೇಕೆನಿಸುವಷ್ಟು ಚಳಿ. ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದು ನಾಲ್ಕೈದು ದಿನವಾಗಿದ್ದರೂ ಮರ, ಕಂಬ, ತಂತಿ ಎಲ್ಲೆಲ್ಲೂ ಹರಿದ ಪಟಗಳು, ಬಣ್ಣದ ದಾರ. ವಸ್ತ್ರಾಪುರಕ್ಕೆ ಹೋಗಲು ಆಟೋ ಹತ್ತಿ, ಗಾಡಿಯಲ್ಲೇ ಬರೆದು ಬಾಯಿಪಾಠ ಮಾಡಿಟ್ಟಿದ್ದ ಮೊದಲ ವಾಕ್ಯ ಹೇಳಿದೆ. ಕನ್ನಡದಲ್ಲಿ ಅದು ಹೀಗಿರುತ್ತದೆ: "ಕೃಪೆಯಿಟ್ಟು ನನ್ನನ್ನು ವಸ್ತ್ರಾಪುರ ಸರೋವರದ ಸಮೀಪಕ್ಕೆ ತಲುಪಿಸುವಿರಾ?"

ಚಾಲಕ ತಿರುಗಿ ನೋಡಿದ. ಐವತ್ತರ ಆಸುಪಾಸಿನ ಮನುಷ್ಯ, ಕಿವಿಗೆ ಮಫ್ಲರ್. "ಬೇನ್, ಟಿವಿಯಲ್ಲಿ ಸುದ್ದಿ ಓದುತ್ತೀರಾ?" ಎಂದು ಗುಜರಾತಿಯಲ್ಲೇ ಕೇಳಿ ನಕ್ಕ. ಬೇನ್ ಅಂದರೆ ಅಕ್ಕ. ಇಲ್ಲಿ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ನಾನು ಉತ್ತರ ಜೋಡಿಸುವಷ್ಟರಲ್ಲಿ ಅವನು ಹಿಂದಿಗೆ ತಿರುಗಿ, ಎಲ್ಲಿಂದ ಬಂದಿರಿ, ನಿಮ್ಮ ಕಡೆ ಚಳಿ ಇದೆಯೇ ಎಂದೆಲ್ಲ ಪ್ರೀತಿಯಿಂದ ವಿಚಾರಿಸಿಕೊಂಡ. ನೂರೈವತ್ತು ರೂಪಾಯಿ ಮೀಟರಿಗೆ ಸರಿಯಾಗಿ ತೆಗೆದುಕೊಂಡ. ಒಂದು ವಾಕ್ಯ, ಒಂದು ಸೋಲು.

ವಸ್ತ್ರಾಪುರದಲ್ಲಿ ನನ್ನ ಗೆಳತಿ ದೀಪಿಕಾ ಇದ್ದಾಳೆ, ದಾವಣಗೆರೆಯವಳು. ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಇನ್ನಿಬ್ಬರ ಜೊತೆ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಾಳೆ. ನನ್ನ ನೋಟ್‌ಬುಕ್ಕುಗಳನ್ನು ಮಂಚದ ಮೇಲೆ ಸಾಲಾಗಿ ಜೋಡಿಸಿ ನೋಡಿ, "ಏನೇ ಇದು, ಪರೀಕ್ಷೆ ಬರೀತೀಯೋ ಸಂಸಾರ ಹೂಡ್ತೀಯೋ? ಎರಡು ವರ್ಷದಿಂದ ಇಲ್ಲಿದೀನಿ, ಹಿಂದಿ ಸಾಕು. ಇಲ್ಲಿಯವ್ರು ಎಷ್ಟು ಒಳ್ಳೇವ್ರು ಅಂದ್ರೆ ನಮಗೆ ಕಷ್ಟ ಆಗ್ಬಾರ್ದು ಅಂತ ಅವ್ರೇ ಭಾಷೆ ಬದಲಾಯಿಸ್ತಾರೆ" ಅಂದಳು.

ಅವಳು ಹೇಳಿದ್ದು ನಿಜ, ಮತ್ತು ಅದೇ ನನ್ನ ಕಷ್ಟ. ಎರಡು ದಿನ ಕೆರೆಯ ಸುತ್ತ, ತರಕಾರಿ ಗಾಡಿಗಳ ಬಳಿ, ಔಷಧಿ ಅಂಗಡಿಯಲ್ಲಿ, ಫಾಫಡಾ ಎಂಬ ಕಡಲೆಹಿಟ್ಟಿನ ತಿಂಡಿ ಮಾರುವವನ ಹತ್ತಿರ ಪ್ರಯತ್ನಿಸಿದೆ. ಪ್ರತಿ ಸಲವೂ ವಾಕ್ಯವನ್ನು ಮೊದಲು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ತಪ್ಪಿಲ್ಲವೆಂದು ಖಚಿತ ಮಾಡಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಸರದಿಯಲ್ಲಿ ಹಿಂದಿದ್ದವರು ಮುಂದಾಗಿರುತ್ತಿದ್ದರು. ಕೊತ್ತಂಬರಿ ಮಾರುವ ಅಜ್ಜಿಯೊಬ್ಬಳು ನಾನು ಬರೆಯುವುದನ್ನು ಕಂಡು, ಮಹಾನಗರಪಾಲಿಕೆಯಿಂದ ತಪಾಸಣೆಗೆ ಬಂದವಳೆಂದು ತಿಳಿದು ಬುಟ್ಟಿ ಎತ್ತಿಕೊಂಡು ಹೋಗಿಯೇಬಿಟ್ಟಳು. ಮಂಗಳವಾರ ಸಂಜೆಯ ಲೆಕ್ಕ: ಆಡಿದ ವಾಕ್ಯ ಇಪ್ಪತ್ತಮೂರು, ಎದುರಿನವರು ಹಿಂದಿಗೆ ತಿರುಗಿದ್ದು ಇಪ್ಪತ್ತೊಂದು ಸಲ. ಉಳಿದಿಬ್ಬರಲ್ಲಿ ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ವಡೋದರಾಕ್ಕೆ ಹೊರಟೆ. ನೂರು ಕಿಲೋಮೀಟರ್, ಸುಮಾರು ಎರಡು ಗಂಟೆ. ದಾರಿಯುದ್ದಕ್ಕೂ ತಂಬಾಕು, ಆಲೂಗಡ್ಡೆ, ಬಾಳೆ. ನನ್ನ ತಾಯಿಯ ತಂಗಿ ಸರೋಜಾ ಚಿಕ್ಕಮ್ಮನ ಮನೆ ಊರ ಪಕ್ಕದ ಕೊಯಾಲಿಯಲ್ಲಿದೆ. ಚಿಕ್ಕಪ್ಪ ತೈಲ ಶುದ್ಧೀಕರಣ ಘಟಕದಲ್ಲಿ ಎಂಜಿನಿಯರ್. ಟೌನ್‌ಶಿಪ್ಪಿನ ರಸ್ತೆಗಳಲ್ಲಿ ಗೆರೆ ಎಳೆದ ಹಾಗೆ ಬೇವಿನ ಮರಗಳು, ಆಚೆ ಚಿಮಣಿಯ ತುದಿಯಲ್ಲಿ ಹಗಲೂ ಉರಿಯುವ ಜ್ವಾಲೆ.

ಚಿಕ್ಕಮ್ಮನ ಮಗಳು ನಿಧಿಗೆ ಹನ್ನೆರಡು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಗುಜರಾತಿಯಲ್ಲಿ. "ನಂಗೆ ಕನ್ನಡ ಕೇಳ್ಸತ್ತೆ ಅಕ್ಕಾ. ಹೊರಗೆ ಬರಲ್ಲ," ಎಂದು ಕಷ್ಟಪಟ್ಟು ಹೇಳಿದಳು. ನನ್ನ ಕಾಯಿಲೆಯೂ ಅದೇ ಎಂದೆ. ಅವಳಿಗೆ ಬಹಳ ಖುಷಿಯಾಯಿತು. ನನ್ನ ಗುಜರಾತಿ ವಾಕ್ಯ ಒಂದನ್ನು ಕೇಳಿ, "ಅಯ್ಯೋ, ಇದು ಪ್ರಿನ್ಸಿಪಾಲ್‌ಗೆ ಬರೆಯೋ ಅರ್ಜಿ!" ಎಂದು ಗುಜರಾತಿಯಲ್ಲೇ ಕೂಗಿ ಸೋಫಾದಲ್ಲಿ ಉರುಳಾಡಿದಳು.

ಸಂಜೆ ಇಬ್ಬರೂ ಅವಳ ಶಾಲೆಯ ಆಟವೊಂದನ್ನು ಆಡಿದೆವು. ಒಬ್ಬರು ಇನ್ನೊಬ್ಬರ ಬೆನ್ನ ಮೇಲೆ ಬೆರಳಿಂದ ಅಕ್ಷರ ಬರೆಯಬೇಕು, ಅವರು ನೋಡದೆ ಹೇಳಬೇಕು. ಅವಳು ನನ್ನ ಬೆನ್ನ ಮೇಲೆ ಬರೆದ ಗುಜರಾತಿ ಅಕ್ಷರಗಳು ಮೂವತ್ತು, ನಾನು ಸರಿಯಾಗಿ ಹೇಳಿದ್ದು ಇಪ್ಪತ್ತೊಂಬತ್ತು. ಗುಜರಾತಿ ಲಿಪಿಯೆಂದರೆ ತಲೆಗೆರೆ ಇಲ್ಲದ ದೇವನಾಗರಿ. ಏಳು ತಿಂಗಳು ಬರೆದದ್ದು ಕೈಗೆ ಹತ್ತಿಬಿಟ್ಟಿತ್ತು. ನಾನು ಅವಳ ಬೆನ್ನ ಮೇಲೆ ಕನ್ನಡದಲ್ಲಿ 'ನಿಧಿ' ಎಂದು ಬರೆದು ಕಲಿಸಿದೆ. ಕಚಗುಳಿಯಾಗಿ ನಗುತ್ತಲೇ ಐದನೆಯ ಸಲಕ್ಕೆ ಕಾಗದದ ಮೇಲೆ ತಾನೇ ಬರೆದಳು. ಚಿಕ್ಕಮ್ಮ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಗುರುವಾರ ಚಿಕ್ಕಮ್ಮ ನನ್ನನ್ನು ಫತೇಗಂಜಿಗೆ ಕರೆದುಕೊಂಡು ಹೋದರು. ವಿಶ್ವವಿದ್ಯಾಲಯದ ಹತ್ತಿರದ ಹಳೆಯ ಬಡಾವಣೆ, ಹಾಸ್ಟೆಲ್ ಹುಡುಗ ಹುಡುಗಿಯರಿಂದ ಗಿಜಿಗುಡುವ ಸಣ್ಣ ಸಣ್ಣ ಹೋಟೆಲುಗಳು. ಅದರಲ್ಲೊಂದು ಬೈಂದೂರು ಕಡೆಯ ಶೀನಣ್ಣನದು. ಇಪ್ಪತ್ತೇಳು ವರ್ಷದ ಹಿಂದೆ ಬಂದವರು. ಅವರ ಗುಜರಾತಿ ಕೇಳುತ್ತಾ ನಿಂತೆ. ಗಿರಾಕಿಗಳ ಜೊತೆ ಜಗಳ, ತಮಾಷೆ, ಕ್ರಿಕೆಟ್ಟು, ಯಾರದೋ ಮಗಳ ಮದುವೆ, ಎಲ್ಲವೂ ಒಂದೇ ಉಸಿರಿನಲ್ಲಿ. ಎಷ್ಟು ಪದ ಗೊತ್ತು ಎಂದು ಕೇಳಿದೆ.

"ಪದ ಎಣ್ಸುಕೆ ಅದೇನ್ ಇಡ್ಲಿಯಾ ಮಾರಾಯ್ತಿ?" ಅಂದರು. ನನ್ನ ಕೈಯಲ್ಲಿದ್ದ ಸಣ್ಣ ಪುಸ್ತಕ ಕಂಡು, "ಇದೆಂತ ಇದು?" ಎಂದರು. ವಿಷಯ ಹೇಳಿದೆ. ನಾಳೆ ಸಂದರ್ಶನ, ಅರ್ಧ ಗಂಟೆ, ಹಿಂದಿ ಬಂದರೆ ಕೆಲಸ ಹೋಯಿತು. ಅವರು ಪುಸ್ತಕ, ಪೆನ್ನು ಎರಡನ್ನೂ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ತಿರುಗಿಸಿದರು.

ಶೀನಣ್ಣನ ಹೋಟೆಲಿನಲ್ಲಿ ಒಂದು ಪದ್ಧತಿ ಇದೆ. ಊರಿಂದ ಹೊಸದಾಗಿ ಬಂದ ಸಪ್ಲಾಯರಿಗೆ ಮೊದಲ ಹದಿನೈದು ದಿನ ಚೀಟಿ, ಪೆನ್ಸಿಲ್ ಕೊಡುವುದಿಲ್ಲ. ಗಿರಾಕಿ ಹೇಳಿದ್ದನ್ನು ಅವನ ಮಾತಿನಲ್ಲೇ, ಅವನ ರಾಗದಲ್ಲೇ ಅವನಿಗೇ ತಿರುಗಿ ಹೇಳಬೇಕು. ಅವನು ಹೂಂ ಎಂದಮೇಲೆ ಅದನ್ನೇ ಅಡುಗೆಮನೆಗೆ ಕೂಗಬೇಕು. "ಕೈಯಲ್ಲಿ ಚೀಟಿ ಇದ್ರೆ ಕಿವಿ ನಿದ್ರೆ ಮಾಡತ್ತ್," ಅಂದರು ಶೀನಣ್ಣ. "ನೀನ್ ನಿನ್ನ ವಾಕ್ಯ ಕಟ್ಟೂದ್ ಬಿಡ್. ಅವ್ರ ವಾಕ್ಯ ಅವ್ರಿಗೇ ಕೊಡ್. ಹೋಗ್, ಮೂರನೇ ಟೇಬಲ್."

ಹನ್ನೆರಡೂವರೆಯಿಂದ ಎರಡು ಗಂಟೆಯವರೆಗೆ ನಾನು ಸಪ್ಲಾಯರ್. ಮೂರನೇ ಟೇಬಲಿನ ಹುಡುಗಿ, "ಒಂದು ಮಸಾಲೆ, ಕಡಕ್, ಚಟ್ನಿ ರೇವಾ ದೋ," ಅಂದಳು. ಕೊನೆಯದು ಗೊತ್ತಾಗಲಿಲ್ಲ. ನನ್ನ ೨,೧೪೦ರಲ್ಲಿ ಅದು ಇರಲಿಲ್ಲ. ಆದರೂ ಅದೇ ರಾಗದಲ್ಲಿ, "ಚಟ್ನಿ ರೇವಾ ದೋ?" ಎಂದೆ. ಅವಳು ಹೂಂ ಎಂದು ಕೈ ಅಡ್ಡ ಆಡಿಸಿದಳು. ಬೇಡ, ಇರಲಿ ಬಿಡಿ ಎಂದು ಅರ್ಥ. ನನ್ನ ಏಳು ತಿಂಗಳಲ್ಲಿ ಇಷ್ಟು ಬೇಗ ಯಾವ ಪದವೂ ಒಳಗೆ ಇಳಿದಿರಲಿಲ್ಲ. ಒಬ್ಬ ಹುಡುಗ ಬೇಕೆಂದೇ ಉದ್ದುದ್ದ ಆರ್ಡರ್ ಕೊಟ್ಟ. ತಿರುಗಿ ಹೇಳುವಾಗ ನಾನು ನಡುವೆ ತೊದಲಿದರೆ ಇಡೀ ಟೇಬಲ್ ಸೇರಿ ಪೂರ್ತಿ ಮಾಡಿತು. ಬಳಕೆಯ ಮಾತನ್ನು ಕಲಿಸುವುದರಲ್ಲಿ ಅವರಿಗಿದ್ದ ಉತ್ಸಾಹ ಕಂಡು ನನಗೆ ನಾಚಿಕೆಯೂ ಸಂತೋಷವೂ ಆಯಿತು. ಅರವತ್ತೊಂದು ಆರ್ಡರ್. ತಪ್ಪು ಒಂಬತ್ತು. ಹಿಂದಿಗೆ ತಿರುಗಿದವರು ಮೂವರು, ಅವರಲ್ಲಿ ಇಬ್ಬರು ಬಿಹಾರದವರು.

ಹೊರಡುವಾಗ ಶೀನಣ್ಣ ಪುಸ್ತಕ ವಾಪಸ್ ಕೊಟ್ಟರು. ಒಂದು ಮಾತು ಕೇಳಿದೆ: ನಿಮಗೆ ಗುಜರಾತಿ ಓದಲು ಬರುತ್ತದೆಯೇ? ಅವರು ಗೋಡೆಯ ಮೇಲಿನ ಗುಜರಾತಿ ಬೋರ್ಡನ್ನು ನೋಡಿದರು. "ಇಲ್ಲ," ಅಂದರು. "ಬ್ಯಾಂಕಿಗ್, ಕಚೇರಿಗ್ ಹೋದ್ರೆ ಯಾವ್ದಕ್ಕೂ ಇನ್ನೊಬ್ರ ಮುಖ ನೋಡ್ಕ್. ಅದ್ ನಿಂಗ್ ಬತ್ತಲ್ಲ, ಅದನ್ನ್ ಬಿಡಬೇಡ." ಅದುವರೆಗೆ ನಗುತ್ತಲೇ ಇದ್ದ ಮುಖ ಆಗ ಒಂದು ಕ್ಷಣ ಗಂಭೀರವಾಗಿತ್ತು.

ಶುಕ್ರವಾರ ೨೩. ಬೆಳಗಿನ ಗಾಡಿ ಹಿಡಿದು ಎಂಟೂಕಾಲಿಗೆ ಸೂರತ್. ನಿಲ್ದಾಣದ ಹೊರಗೆ ಸೀರೆಯ ಗಂಟುಗಳನ್ನು ಹೊತ್ತ ಟೆಂಪೊಗಳ ಸಾಲು. ಇಡ್ಲಿ ತಿಂದು ಕೇಂದ್ರದ ಕಡೆ ಹೊರಟೆ.

ಕೇಂದ್ರದ ಮುಖ್ಯಸ್ಥೆ ಹೇತಲ್‌ಬೇನ್ ನಲವತ್ತೈದು ವರ್ಷದ, ಕಡಿಮೆ ಮಾತಿನ ಮಹಿಳೆ. ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂತು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ರೋಗಿಯ ಹೆಸರು ರಮಣಭಾಯಿ, ಬಟ್ಟೆ ಮಾರುಕಟ್ಟೆಯ ಸೀರೆ ವ್ಯಾಪಾರಿ. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿದೆ, ಮಾತು ನಿಂತಿದೆ. ಬಾಯಿಂದ ಬರುವುದು "ಏ ತೋ" ಎಂಬ ಎರಡೇ ಸದ್ದು. ಕನ್ನಡದಲ್ಲಿ "ಅದು, ಅದು" ಎಂದ ಹಾಗೆ. ಪಕ್ಕದಲ್ಲಿ ಅವರ ಹೆಂಡತಿ ಮಂಜುಲಾಬೇನ್.

ಚಿತ್ರದ ಕಾರ್ಡುಗಳನ್ನು ಹಿಡಿದೆ. ಸೇಬು, ಬಸ್ಸು, ಬೀಗದ ಕೈ. ರಮಣಭಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು. "ಬೋಲೋ ನೇ! ಹೇಳಿ ಅಂದ್ರೆ! ಸೇಬು ಗೊತ್ತಿಲ್ವಾ ನಿಮಗೆ?" ಎಂದು ಮಂಜುಲಾಬೇನ್ ಅವರ ಭುಜ ಅಲುಗಿಸಿದರು. "ಏ ತೋ," ಅಂದರು ಅವರು, ಬೇಸರದಿಂದ. ನಾನು ತಯಾರಿಸಿಕೊಂಡಿದ್ದ ನಾಲ್ಕು ವಾಕ್ಯಗಳು ಮುಗಿದುಹೋದವು. ಐದನೆಯದು ನಾಲಿಗೆಯ ತುದಿಗೆ ಹಿಂದಿಯಲ್ಲಿ ಬಂದು ನಿಂತಿತ್ತು. ಬಾಯಿ ಮುಚ್ಚಿಕೊಂಡೆ. ಗಡಿಯಾರದಲ್ಲಿ ಒಂಬತ್ತು ನಿಮಿಷವಾಗಿತ್ತು.

ಬೇರೆ ಏನೂ ತೋಚದೆ, ಅವರ ಮಾತನ್ನೇ ಅವರ ರಾಗದಲ್ಲೇ ತಿರುಗಿ ಹೇಳಿದೆ: "ಏ ತೋ?"

ಮಂಜುಲಾಬೇನ್ ನನ್ನನ್ನು ಸುಡುವ ಹಾಗೆ ನೋಡಿದರು, ಅಣಕಿಸುತ್ತಿದ್ದೇನೆ ಎಂದುಕೊಂಡಿರಬೇಕು. ಆದರೆ ರಮಣಭಾಯಿ ಕಿಟಕಿಯಿಂದ ಮುಖ ಹೊರಳಿಸಿ ಮೊದಲ ಬಾರಿಗೆ ನನ್ನನ್ನು ನೋಡಿದರು. "ಏ ತೋ," ಅಂದರು, ಈಗ ಬೇರೆ ರಾಗದಲ್ಲಿ, ಏನನ್ನೋ ಕೇಳುವ ಹಾಗೆ. ನಾನೂ ಹಾಗೆಯೇ ಹೇಳಿದೆ. ಮೂರನೆಯ ಸಲ ಹೇಳುವಾಗ ಅವರ ಎಡಗೈಯ ತೋರುಬೆರಳು ತೊಡೆಯ ಮೇಲೆ ಆಡತೊಡಗಿತು. ಮಂಜುಲಾಬೇನ್ ತಕ್ಷಣ ಆ ಕೈ ಹಿಡಿದು ಒತ್ತಿದರು. "ದಿನಾ ಹೀಗೇ ಕೈ ಆಡಿಸುತ್ತಾರೆ," ಎಂದು ನನಗೆ ಹೇಳಿದರು.

ಆದರೆ ಅಷ್ಟರಲ್ಲೇ ನಾನು ಕಂಡಿದ್ದೆ. ಅದು ಸುಮ್ಮನೆ ಆಡಿದ್ದಲ್ಲ. ಮೇಲಿಂದ ಇಳಿದು, ಬಳಸಿ, ನೇರ ಗೆರೆಗೆ ಕೂಡಿದ್ದು ಗುಜರಾತಿಯ 'ಪ'. ಸಾವಿರ ಸಲ ನಾನೇ ಬರೆದ ಅಕ್ಷರ.

ಕೈ ಬಿಡಿ ಎನ್ನಲು ಪತ್ರಿಕೆಯ ಗುಜರಾತಿ ಯಾವುದೂ ನೆನಪಾಗಲಿಲ್ಲ. "ಹಾಥ್... ಹಾಥ್ ರೇವಾ ದೋ," ಅಂದೆ. ಕೈ ಇರಲಿ ಬಿಡಿ. ಮಂಜುಲಾಬೇನ್ ಕೈ ತೆಗೆದರು. ಮೇಜನ್ನು ಹತ್ತಿರ ಎಳೆದು ರಮಣಭಾಯಿಯ ಬೆರಳಿನ ಕೆಳಗೆ ಇಟ್ಟೆ. ಬೆರಳು ಮತ್ತೆ ಹೊರಟಿತು. 'ಪ'. ಪಕ್ಕದಲ್ಲಿ ಒಂದು ನೇರ ಗೆರೆ, ಅದರ ತಲೆಯ ಮೇಲೆ ಒಂದು ಗರಿ. ಒಂದು ಚುಕ್ಕೆ. ಆಮೇಲೆ ಬಹಳ ಹೊತ್ತು ನಿಂತಿತು. ಕೊನೆಗೆ 'ಕ'.

"ಪೋಂಕ್," ಎಂದು ಓದಿದೆ.

ಆ ಪದ ನನ್ನ ಹನ್ನೊಂದು ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಕೋಣೆಯಲ್ಲಿದ್ದ ನಾಲ್ವರಲ್ಲಿ ಅದರ ಅರ್ಥ ಗೊತ್ತಿಲ್ಲದವಳು ಅದನ್ನು ಓದಿದ ನಾನೊಬ್ಬಳೇ. ಮಂಜುಲಾಬೇನ್ ಬಾಯಿಗೆ ಸೆರಗು ಒತ್ತಿಕೊಂಡರು. "ಪೋಂಕ್! ಅಯ್ಯೋ ದೇವರೇ, ಪೋಂಕ್ ಬೇಕಾ ನಿಮಗೆ? ಎರಡು ತಿಂಗಳಿಂದ ಖಿಚಡಿ ತಿನ್ನಿಸ್ತಾ ಇದೀನಲ್ಲ ನಾನು!" ಅವರು ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ನಾನು ರಮಣಭಾಯಿಯ ಕಡೆ ತಿರುಗಿ ಇನ್ನೊಮ್ಮೆ ನಿಧಾನವಾಗಿ "ಪೋಂ..." ಎಂದು ನಿಲ್ಲಿಸಿದೆ. ಅವರ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು.

"ಪೋಂ...ಕ್."

ಎರಡು ತಿಂಗಳಲ್ಲಿ ಅವರು ಆಡಿದ ಮೊದಲ ಪದ. ನುಂಗಲು ತೊಂದರೆ ಇದೆಯೇ ಎಂದು ನಾನು ವಿಚಾರಿಸುವುದಕ್ಕೂ ಮೊದಲೇ ಮಂಜುಲಾಬೇನ್ ಚಪ್ಪಲಿ ಮೆಟ್ಟಿ ಬಾಗಿಲು ದಾಟಿಯಾಗಿತ್ತು. "ನುಂಗುತ್ತಾರೆ, ಪರೀಕ್ಷೆ ಮಾಡಿದ್ದೇವೆ," ಎಂದರು ಹೇತಲ್‌ಬೇನ್. ಗಡಿಯಾರದ ಕಡೆ ಅವರು ನೋಡಿದ್ದು ಆಗಲೇ. ಮೂವತ್ತನಾಲ್ಕು ನಿಮಿಷವಾಗಿತ್ತು.

ಆಮೇಲೆ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು, "ತಪ್ಪು ಹದಿನೇಳು," ಅಂದರು. ಅವರೂ ಎಣಿಸುವವರೇ. "ಮಕ್ಕಳ ವಿಭಾಗಕ್ಕೆ ಈಗಲೇ ನಿನ್ನನ್ನು ಬಿಡುವುದಿಲ್ಲ. ಸೂರತ್ತಿನ ಮಕ್ಕಳು ನಿನ್ನನ್ನು ಬೆಳಿಗ್ಗೆ ತಿಂಡಿಗೇ ಮುಗಿಸುತ್ತಾರೆ. ದೊಡ್ಡವರ ವಿಭಾಗಕ್ಕೆ ಮಾರ್ಚ್ ಎರಡಕ್ಕೆ ಬಾ." ನೋಟ್‌ಬುಕ್ಕುಗಳನ್ನು ತರಬೇಕೇ ಎಂದು ಕೇಳಿದೆ. "ತಾ. ಹಗಲು ಮಾತಾಡು, ಕೇಳಿದ್ದನ್ನು ಸಂಜೆ ಬರೆ." ಏಳು ತಿಂಗಳು ನಾನು ಮಾಡಿದ್ದು ಸರಿಯಾಗಿ ಇದರ ತಿರುವುಮುರುವು.

ಪೋಂಕ್ ಎಂದರೇನು ಎಂದು ಆಮೇಲೂ ಯಾರನ್ನೂ ಕೇಳಲಿಲ್ಲ, ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿಕೊಂಡೆ. ಮಧ್ಯಾಹ್ನ ತಾಪಿ ನದಿಯ ಕಡೆ ಅದನ್ನು ಮಾರುವ ಸಾಲು ಅಂಗಡಿಗಳಿಗೆ ಹೋಗಿ ಕಣ್ಣಾರೆ ನೋಡಿದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ತೂರಿ ತೆಗೆದ ಹಸಿರು ಕಾಳು. ನಮ್ಮ ಗದಗಿನ ಹೊಲಗಳಲ್ಲಿ ಇದೇ ತಿಂಗಳು ಬಿಸಿಬಿಸಿ ತಿನ್ನುವ ಸೀತನಿ! ನಾವು ಬೆಲ್ಲ, ಚಟ್ನಿಪುಡಿ ಹಚ್ಚಿಕೊಂಡರೆ ಇವರು ನಿಂಬೆಹುಳಿ, ಮೆಣಸಿನ ಸೇವು ಹಾಕಿಕೊಳ್ಳುತ್ತಾರೆ. ಕಾಲು ಕಿಲೋ ನಿಂತಲ್ಲೇ ತಿಂದೆ. ಅಂಗಡಿಯ ಹೆಂಗಸು ಇನ್ನೂ ಬೇಕೇ ಎಂದು ಗುಜರಾತಿಯಲ್ಲಿ ಕೇಳಿದಳು, ಗುಜರಾತಿಯಲ್ಲೇ ಬೇಕು ಅಂದೆ. ಈ ಸಂಭಾಷಣೆಯನ್ನು ಲೆಕ್ಕದಲ್ಲಿ ಬರೆಯಲು ಮರೆತಿದ್ದೆ ಎಂದು ಮರುದಿನ ಗೊತ್ತಾಯಿತು.

ಶನಿವಾರ ಸಂಜೆ ಸೂರತ್ತಿನಿಂದ ಹುಬ್ಬಳ್ಳಿಯ ಗಾಡಿ ಹತ್ತಿದೆ. ತಾಪಿಯ ಸೇತುವೆಯ ಕಡೆಯ ದೀಪಗಳು ಹಿಂದೆ ಸರಿಯುವವರೆಗೂ ಬಾಗಿಲ ಬಳಿ ನಿಂತಿದ್ದೆ. ಆಮೇಲೆ ಬಂದು ಕೂತು ಒಂದು ಖಾಲಿ ಪುಟದಲ್ಲಿ ಬೆರಳಿಂದ ಕನ್ನಡದ 'ಸೀತನಿ' ಬರೆದು ನೋಡಿದೆ. ಹಿಂದೆ ಎಂದೂ ಏಳದ ಪ್ರಶ್ನೆಯೊಂದು ಅಲ್ಲಿ ಎದ್ದಿತು. ಗುಜರಾತಿಯಲ್ಲಿ ಅಕ್ಷರ ಬಹುಮಟ್ಟಿಗೆ ಒಂದರ ಪಕ್ಕ ಒಂದು ಕೂರುತ್ತದೆ. ಕನ್ನಡದಲ್ಲಿ ತಲೆಕಟ್ಟು ಮೇಲಕ್ಕೆ, ಒತ್ತಕ್ಷರ ಕೆಳಕ್ಕೆ, ದೀರ್ಘ ಆಚೆಗೆ. ನಮ್ಮವರಿಗೆ ಮಾತು ನಿಂತು ಎಡಗೈಯ ಬೆರಳೊಂದೇ ಉಳಿದಾಗ ಅವರು ಎಲ್ಲಿಂದ ಆರಂಭಿಸುತ್ತಾರೆ? ಒತ್ತಕ್ಷರ ಬಿಟ್ಟುಬಿಡುತ್ತಾರೆಯೇ? ಶಾಲೆಗೇ ಹೋಗದವರು ಏನು ಮಾಡುತ್ತಾರೆ? ನಾನು ಓದಿದ ಯಾವ ಪಠ್ಯದಲ್ಲೂ ಇದಕ್ಕೆ ಉತ್ತರ ಕಂಡ ನೆನಪಿಲ್ಲ. ಉತ್ತರ ಇರುವುದು ಮನೆಗಳಲ್ಲಿ, ರೋಗಿಯ ಪಕ್ಕ ಕೂತವರ ಹತ್ತಿರ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥವರಿದ್ದು, ಅವರ ಬೆರಳು ಹಾಸಿಗೆಯ ಮೇಲೋ ನಿಮ್ಮ ಅಂಗೈಯ ಮೇಲೋ ಆಡುತ್ತಿದ್ದರೆ, ಹಿಡಿದು ನಿಲ್ಲಿಸಬೇಡಿ. ಏನು ಬರೆಯುತ್ತಾರೆ ನೋಡಿ, ಗಟ್ಟಿಯಾಗಿ ಓದಿ ಹೇಳಿ. ಆಮೇಲೆ, ಬಿಡುವಾದಾಗ, ನೋಡಿದ್ದನ್ನು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆದು ತಿಳಿಸಿ.